ಸೀಟು ಜನರಲ್ ಆದ ಮೇಲೆ

ಐದು ವರ್ಷ ನಾನು ಗ್ರಾಮ ಪಂಚಾಯಿತಿ ಅಧ್ಯಕ್ಷೆಯಾಗಿದ್ದೆ. ಮುಂದಿನ ಚುನಾವಣೆಯಲ್ಲಿ ಅದೇ ವಾರ್ಡಿನ ಸಾಮಾನ್ಯ ಸ್ಥಾನಕ್ಕೆ ನಿಂತು ಸೋತೆ. ಸೋಲು ದೊಡ್ಡ ಸುದ್ದಿಯಲ್ಲ. ಯಾವ ಚುನಾವಣೆಯಲ್ಲಾದರೂ ಗೆದ್ದವರಿಗಿಂತ ಸೋತವರೇ ಹೆಚ್ಚು. ಆದರೆ ಏಕೆ ಸೋತೆ ಎನ್ನುವುದನ್ನು ಒಪ್ಪಿಕೊಳ್ಳಲು ನನಗೆ ಬಹಳ ಕಾಲ ಹಿಡಿಯಿತು. ಮೊದಲು ಗಂಡಸರೆಲ್ಲ ಸೇರಿ ಮಾಡಿದ ಕೆಲಸ ಅಂದುಕೊಂಡೆ. ಆಮೇಲೆ ದುಡ್ಡು, ಜಾತಿ ಲೆಕ್ಕ ಅಂದುಕೊಂಡೆ. ಅವೆಲ್ಲ ಇದ್ದದ್ದು ನಿಜ. ಅವೆಲ್ಲಕ್ಕಿಂತ ದೊಡ್ಡ ಕಾರಣ ನಾನೇ ಆಗಿದ್ದೆ. ವಿಧಾನಸಭೆ, ಲೋಕಸಭೆಯಲ್ಲಿ ಹೆಣ್ಣುಮಕ್ಕಳಿಗೆ ಮೂರನೇ ಒಂದು ಪಾಲು ಬರುತ್ತದೆ ಅಂತ ಊರೂರಲ್ಲೂ ಮಾತಾಡುತ್ತಿರುವ ಈ ಹೊತ್ತಿನಲ್ಲಿ ಇದನ್ನು ಬರೆದಿಡಬೇಕು ಅನ್ನಿಸಿತು.

ನನ್ನ ತವರು ಮಾಗಡಿ ತಾಲ್ಲೂಕಿನ ಕೆಂಪಾಪುರ. ಬೆಂಗಳೂರು ಕಟ್ಟಿದ ಕೆಂಪೇಗೌಡರ ಸಮಾಧಿ ಇರುವುದು ಅಲ್ಲೇ. ಅದು ಅವರದ್ದೇ ಸಮಾಧಿ ಅಂತ ಗೊತ್ತಾಗಿದ್ದು 2015ರಲ್ಲಿ. ಅಲ್ಲಿಯವರೆಗೆ ನಮಗೆಲ್ಲ ಅದು ಊರ ಪಕ್ಕದ ಹಳೇ ಮಂಟಪ ಅಷ್ಟೆ. ಚಿಕ್ಕಂದಿನಲ್ಲಿ ಅಜ್ಜಿ ಕೆಂಪೇಗೌಡರ ಸೊಸೆ ಲಕ್ಷ್ಮಮ್ಮನ ಕಥೆ ಹೇಳುತ್ತಿದ್ದಳು. ಕೋಟೆ ಬಾಗಿಲು ಹಗಲು ನಿಲ್ಲಿಸಿದರೆ ರಾತ್ರಿ ಬೀಳುತ್ತಿತ್ತಂತೆ, ಬಸುರಿ ಹೆಂಗಸಿನ ಬಲಿ ಬೇಕು ಅಂದರಂತೆ, ಮಾವನ ಮಾತು ಉಳಿಯಲಿ ಅಂತ ಸೊಸೆ ತಾನೇ ಹೋಗಿ ಪ್ರಾಣ ಕೊಟ್ಟಳಂತೆ. ಕೋರಮಂಗಲದಲ್ಲಿ ಅವಳ ಸಮಾಧಿಗೆ ಇವತ್ತಿಗೂ ಪೂಜೆ ಆಗುತ್ತದೆ. ಇದು ಐತಿಹ್ಯ. ನಡೆದಿತ್ತೋ ಇಲ್ಲವೋ, ನಾನದನ್ನು ಕೇಳಿಕೊಂಡೇ ಬೆಳೆದವಳು. ಮನೆತನದ ಬಾಗಿಲು ನಿಲ್ಲಬೇಕಾದರೆ ಹೆಂಗಸು ತನ್ನದೆನ್ನುವುದನ್ನು ಬಿಟ್ಟುಕೊಡಬೇಕು ಎನ್ನುವುದು ಯಾರೂ ಹೇಳಿಕೊಡದೆಯೇ ತಲೆಯಲ್ಲಿ ಕೂತಿತ್ತು.

ಕೊಟ್ಟ ಊರಿನ ಹೆಸರು ಇಲ್ಲಿ ಬೇಡ. ಅದೂ ಮಾಗಡಿ ಸೀಮೆಯೇ. ರೇಷ್ಮೆ ಮನೆ. ನನ್ನ ಯಜಮಾನರು ಮೊದಲು ಪಂಚಾಯಿತಿ ಸದಸ್ಯರಾಗಿದ್ದವರು, ಜನಕ್ಕೆ ಬೇಕಾದವರು, ರಾತ್ರಿ ಹನ್ನೆರಡಕ್ಕೆ ಬಾಗಿಲು ತಟ್ಟಿದರೂ ಎದ್ದು ಹೋಗುವವರು. 2015ರ ಚುನಾವಣೆಗೆ ಮೀಸಲಾತಿ ಪಟ್ಟಿ ಬಂದಾಗ ಅವರ ಸ್ಥಾನ ಸಾಮಾನ್ಯ ಮಹಿಳೆಗೆ ಹೋಗಿತ್ತು. ಪಟ್ಟಿ ಬಂದ ಸಂಜೆಯೇ ಜಗುಲಿ ಮೇಲೆ ಕೂತವರೆಲ್ಲ ನನ್ನ ಹೆಸರು ಹೇಳಿಬಿಟ್ಟರು. ಒಳಗಿದ್ದ ನನಗೆ ಕಾಫಿ ಕೊಡಲು ಬಂದಾಗ ತಿಳಿಯಿತು. ಗೆದ್ದೆ. ಅಧ್ಯಕ್ಷ ಸ್ಥಾನವೂ ಆ ಸಲ ಮಹಿಳೆಗೇ ಬಂದಿತ್ತು. ಅದೂ ಐದು ವರ್ಷಕ್ಕೆ. ಹಿಂದೆ 30 ತಿಂಗಳಿದ್ದ ಅವಧಿಯನ್ನು ಅದೇ ವರ್ಷ ಕಾಯ್ದೆ ತಿದ್ದಿ ಐದು ವರ್ಷ ಮಾಡಿದ್ದರು, 2020ರಲ್ಲಿ ಮತ್ತೆ 30 ತಿಂಗಳಿಗೆ ಇಳಿಸಿದರು. ಹಾಗಾಗಿ ನನಗೆ ಸಿಕ್ಕಿದ್ದು ಎಷ್ಟೋ ಹೆಣ್ಣುಮಕ್ಕಳಿಗೆ ಸಿಗದಷ್ಟು ಕಾಲ. ಕಲಿಯಲು ಸಮಯ ಸಾಲಲಿಲ್ಲ ಅಂತ ನಾನು ಹೇಳುವ ಹಾಗಿಲ್ಲ.

ಪಂಚಾಯಿತಿಯ ಹಣ ಬಿಡುಗಡೆಯಾಗಲು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಓ) ಮತ್ತು ಅಧ್ಯಕ್ಷರು ಇಬ್ಬರ ಡಿಜಿಟಲ್ ಸಹಿಯೂ ಬೇಕು. ಅದಕ್ಕೊಂದು ಡೋಂಗಲ್ ಕೊಡುತ್ತಾರೆ, ಪೆನ್‌ಡ್ರೈವ್ ಥರದ್ದು, ಹೆಬ್ಬೆರಳಿನಷ್ಟು. ನನ್ನ ಹೆಸರಿನ ಡೋಂಗಲ್ ಐದು ವರ್ಷವೂ ನಮ್ಮ ಯಜಮಾನರ ಅಂಗಿ ಜೇಬಿನಲ್ಲಿತ್ತು. ಬೈಕಿನ ಕೀ ಗೊಂಚಲಿಗೇ ಅದನ್ನೂ ಕಟ್ಟಿಕೊಂಡಿದ್ದರು. ಬಿಲ್ ಪಾಸ್ ಮಾಡಬೇಕಾದಾಗ ಆಫೀಸಿನಿಂದ ಫೋನು ಬರುತ್ತಿದ್ದದ್ದು ಅವರಿಗೆ. ನಡಾವಳಿ ಪುಸ್ತಕ ಮನೆಗೇ ಬರುತ್ತಿತ್ತು. ನಾಲ್ಕನೇ ಜ್ವರ (ಪೊರೆ ಬಿಡುವ ನಿದ್ದೆ) ಎದ್ದ ರೇಷ್ಮೆ ಹುಳು ಹಗಲು ರಾತ್ರಿ ಸೊಪ್ಪು ತಿನ್ನುವ ದಿನಗಳಲ್ಲಿ ಕೈ ತೊಳೆಯಲೂ ಪುರುಸೊತ್ತು ಇರುವುದಿಲ್ಲ. ಹುಳುಮನೆಯ ಬಾಗಿಲಲ್ಲೇ ನಿಂತು, ಬೆರಳಿಟ್ಟು ತೋರಿಸಿದ ಜಾಗಕ್ಕೆ ಸಹಿ ಹಾಕಿ ಕಳಿಸುತ್ತಿದ್ದೆ. ಆ ಪುಸ್ತಕದ ಎಷ್ಟೋ ಹಾಳೆಗಳ ಅಂಚಿನಲ್ಲಿ ಹಿಪ್ಪುನೇರಳೆ ಸೊಪ್ಪಿನ ಹಸಿರು ಕಲೆ ಇರಬೇಕು. ನನ್ನ ಅಧ್ಯಕ್ಷಗಿರಿಯ ಗುರುತು ಅದೊಂದೇ.

ಇಲ್ಲೊಂದು ಮಾತು ಹೇಳಬೇಕು. ಹುಳುಮನೆಯಲ್ಲಿ ನಾನು ಹೇಳಿದ್ದೇ ನಡೆಯುತ್ತಿತ್ತು. ಯಾವ ತಟ್ಟೆಗೆ ಎಷ್ಟು ಸೊಪ್ಪು, ಹುಳು ಹಣ್ಣಾಗಿದೆಯೋ ಇಲ್ಲವೋ, ಗೂಡು ಕಟ್ಟಲು ಚಂದ್ರಿಕೆಗೆ ಯಾವಾಗ ಬಿಡಬೇಕು, ಇದನ್ನೆಲ್ಲ ಯಜಮಾನರು ನನ್ನನ್ನೇ ಕೇಳುತ್ತಿದ್ದರು. ಗೂಡು ರಾಮನಗರದ ಮಾರುಕಟ್ಟೆಗೆ ಹೊರಟ ಮೇಲೆ ಅದು ಅವರದ್ದು. ಲಾಟಿನ ರೇಟು, ಬಂದ ಹಣ, ಯಾವ ಸಾಲಕ್ಕೆ ಎಷ್ಟು ಎನ್ನುವುದು ನನಗೆ ತಿಳಿಯುತ್ತಿರಲಿಲ್ಲ. ಪಂಚಾಯಿತಿಯೂ ಅದೇ ದಾರಿಯಲ್ಲಿ ನಡೆಯಿತು, ನನಗದು ಅಸಹಜ ಅಂತಲೂ ಅನ್ನಿಸಲಿಲ್ಲ. ಯಾರೂ ನನ್ನನ್ನು ಗದರಿಸಿ ಡೋಂಗಲ್ ಕಿತ್ತುಕೊಳ್ಳಲಿಲ್ಲ. ಕೊಡಿ ಅಂತ ನಾನು ಕೇಳಲೂ ಇಲ್ಲ.

ಸಾಮಾನ್ಯ ಸಭೆಗೆ ಹೋಗುತ್ತಿದ್ದೆ. ಅಧ್ಯಕ್ಷರ ಕುರ್ಚಿಯಲ್ಲಿ ಕೂರುತ್ತಿದ್ದೆ. ಯಜಮಾನರು ಪಕ್ಕದಲ್ಲೇ ಕೂರುತ್ತಿದ್ದರು. ಸದಸ್ಯೆಯರ ಗಂಡಂದಿರು ಸಭೆಯಲ್ಲಿ ಕೂರಕೂಡದು ಅಂತ ಸುತ್ತೋಲೆ ಇದೆ. ಅದನ್ನು ಓದಿ ಹೇಳಿದವರೂ ಇಲ್ಲ, ಕೇಳಿದವರೂ ಇಲ್ಲ. ಇನ್ನೂ ಮೂರ್ನಾಲ್ಕು ಜನ ಸದಸ್ಯೆಯರ ಗಂಡಂದಿರು ಅಲ್ಲೇ ಇರುತ್ತಿದ್ದರಲ್ಲ. ಕ್ರಿಯಾಯೋಜನೆಯ ಚರ್ಚೆ ಅವರ ನಡುವೆಯೇ ನಡೆಯುತ್ತಿತ್ತು. ನಾವು ಹೆಂಗಸರು ಒಂದು ಸಾಲಿನಲ್ಲಿ ಕೂತು ಒಬ್ಬರ ಮುಖ ಒಬ್ಬರು ನೋಡಿಕೊಂಡು ಬರುತ್ತಿದ್ದೆವು. ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಬಡ್ಡಿ ಲೆಕ್ಕವನ್ನು ಪೈಸೆ ಪೈಸೆಯಾಗಿ ಹಿಡಿದು ಕೇಳುವ ಹೆಂಗಸರೇ ನಾವು. ಪಂಚಾಯಿತಿ ಸಭೆಯಲ್ಲಿ ಮಾತ್ರ ಬಾಯಿಗೆ ಬೀಗ.

ಒಂದು ದಿನ ಕಾಲೋನಿಯಿಂದ ಒಬ್ಬಳು ಹೆಣ್ಣುಮಗಳು ಮನೆಗೆ ಬಂದಳು. ಗಂಡ ಕುಡಿದು ಕುಡಿದು ತೀರಿಹೋಗಿದ್ದ. ಅತ್ತೆ ಮನೆಯವರು ಹೊರಗೆ ಹಾಕುತ್ತಾರೆ ಅನ್ನುವ ಭಯ. ನಿವೇಶನದ ಪಟ್ಟಿಗೆ ತನ್ನ ಹೆಸರು ಸೇರಿಸಬೇಕು ಅಂತ ಅರ್ಜಿ ಬರೆಸಿಕೊಂಡು ಬಂದಿದ್ದಳು. ಅರ್ಜಿ ನನ್ನ ಕೈಗೆ ಕೊಟ್ಟಳು. ಓದಿದೆ. ಮನಸ್ಸಿಗೆ ಚುಚ್ಚಿತು. ಆದರೆ ನನ್ನ ಬಾಯಲ್ಲಿ ಬಂದ ಮಾತು, "ಯಜಮಾನ್ರು ಬರ್ಲಿ ಕಣವ್ವ, ಹೇಳ್ತೀನಿ." ಅವಳು ತಲೆಯಾಡಿಸಿ ಹೋದಳು. ಮತ್ತೆ ಬಂದಳು, ಮತ್ತೆ ಅದೇ ಮಾತು. ಕೊನೆಗೆ ಅವಳು ನನ್ನ ಹತ್ತಿರ ಬರುವುದನ್ನೇ ಬಿಟ್ಟಳು, ಬೀದಿಯಲ್ಲಿ ಯಜಮಾನರ ಬೈಕು ನಿಲ್ಲಿಸಿ ಕೇಳತೊಡಗಿದಳು. ಅವಳ ಹೆಸರು ಆ ಪಟ್ಟಿಯಲ್ಲಿ ಬರಲಿಲ್ಲ. ಬೇರೆ ಬೇರೆ ಒತ್ತಾಯಗಳಿದ್ದವು ಅಂತ ಆಮೇಲೆ ತಿಳಿಯಿತು. ಗ್ರಾಮಸಭೆಯಲ್ಲಿ ಎದ್ದು ನಿಂತು "ಈ ಹೆಸರು ಏಕಿಲ್ಲ?" ಅಂತ ಕೇಳುವ ಅಧಿಕಾರ ಯಾರಿಗಾದರೂ ಇದ್ದಿದ್ದರೆ ಅದು ಆ ಸಭೆಯ ಅಧ್ಯಕ್ಷತೆ ವಹಿಸಿದ್ದ ನನಗೆ. ನಾನು ಕೇಳಲಿಲ್ಲ.

2020ರ ಕೊನೆಗೆ ಚುನಾವಣೆ ಬಂತು. ಹೊಸ ಪಟ್ಟಿಯಲ್ಲಿ ನಮ್ಮ ವಾರ್ಡಿನ ಮಹಿಳಾ ಸ್ಥಾನ ಪರಿಶಿಷ್ಟ ಜಾತಿಗೆ ಹೋಗಿತ್ತು, ಇನ್ನೊಂದು ಸಾಮಾನ್ಯ. ನಮ್ಮ ಕಡೆ ಅದಕ್ಕೆ ಗಂಡಸರ ಸೀಟು ಅಂತಲೇ ಹೇಳುತ್ತಾರೆ, ಹೆಂಗಸರ ಬಾಯಲ್ಲೂ ಅದೇ ಬರುತ್ತದೆ. ಯಜಮಾನರು, "ಸೀಟು ಜನರಲ್ ಆಗೈತೆ, ನಾನೇ ನಿಲ್ತೀನಿ. ನೀನು ಇಷ್ಟು ದಿನ ಮಾಡಿದ್ದು ಸಾಕು" ಅಂದರು. ಆ ಮಾತಿನಲ್ಲಿ ಕೆಟ್ಟ ಉದ್ದೇಶವಿರಲಿಲ್ಲ. ಆದರೆ "ಮಾಡಿದ್ದು ಸಾಕು" ಅಂದಾಗ ನಾನು ಮಾಡಿದ್ದೇನು ಅಂತ ಆ ರಾತ್ರಿಯೆಲ್ಲ ಯೋಚಿಸಿದೆ. ಬೆಳಿಗ್ಗೆ ಎದ್ದು, ನಾನೇ ನಿಲ್ಲುತ್ತೇನೆ ಅಂದೆ. ಮನೆಯಲ್ಲಿ ದೊಡ್ಡ ಮಾತುಕತೆಯಾಯಿತು. ಅವರು ಹಿಂದೆ ಸರಿದರು, ಆದರೆ ಪ್ರಚಾರಕ್ಕೆ ಬರಲಿಲ್ಲ. ಅವರ ಗುಂಪಿನವರು ಇನ್ನೊಬ್ಬರನ್ನು ನಿಲ್ಲಿಸಿದರು.

ನನಗೆ ಸಿಕ್ಕ ಗುರುತು ಹೊಲಿಗೆ ಯಂತ್ರ. ಕೊರೋನಾ ಕಾಲ, ಮಾಸ್ಕು ಹಾಕಿಕೊಂಡು ಮನೆಮನೆಗೆ ಹೋದೆ. ಸಂಘದ ಹೆಂಗಸರು ನನ್ನ ಜೊತೆ ಬಂದೇ ಬರುತ್ತಾರೆ ಅನ್ನುವ ಭರವಸೆಯಿತ್ತು. ಒಂದಿಬ್ಬರು ಬಂದರು. ಕಾಲೋನಿಗೆ ಹೋದಾಗ ಆ ಹೆಣ್ಣುಮಗಳೇ ಬಾಗಿಲು ತೆರೆದಳು. ಕೂರಿಸಿದಳು, ನೀರು ಕೊಟ್ಟಳು. ಕರಪತ್ರ ಕೈಯಲ್ಲಿ ಹಿಡಿದು, ಸಿಟ್ಟಿಲ್ಲದೆ, ನಿಜಕ್ಕೂ ತಿಳಿದುಕೊಳ್ಳುವ ಹಾಗೆ ಕೇಳಿದಳು: "ಅಕ್ಕ, ನೀವು ಗೆದ್ರೆ ನಾವು ಯಾರ ತಾವ ಬರ್ಬೇಕು? ನಿಮ್ ತಾವಾನಾ, ಅಣ್ಣನ್ ತಾವಾನಾ? ಅಣ್ಣನ್ ತಾವ ಅನ್ನೋದಾದ್ರೆ ಅಣ್ಣನೇ ನಿಲ್ಬೋದಿತ್ತಲ್ಲ."

ನನ್ನ ಹತ್ತಿರ ಉತ್ತರವಿರಲಿಲ್ಲ. ಈ ಸಲ ನಾನೇ ನೋಡಿಕೊಳ್ಳುತ್ತೇನೆ ಅಂದೆ. ಹಾಗೆ ಅಂದವಳು ಐದು ವರ್ಷ ಅಧಿಕಾರದಲ್ಲಿದ್ದವಳು. ಆ ಹೆಣ್ಣುಮಗಳು ಹೇಗೆ ನಂಬಬೇಕು?

ಡಿಸೆಂಬರ್ 30ರಂದು ಎಣಿಕೆ. ಪಂಚಾಯಿತಿ ಚುನಾವಣೆಗೆ ಮತಪತ್ರವಾದ್ದರಿಂದ ಮಡಚಿದ ಚೀಟಿಗಳನ್ನು ಬಿಡಿಸಿ ಕಟ್ಟು ಕಟ್ಟುತ್ತಿದ್ದರು. ಗೆದ್ದವರ ಕಟ್ಟು ನನ್ನದಕ್ಕಿಂತ ಎಷ್ಟು ದಪ್ಪವೆಂದು ಎಣಿಸದೆಯೇ ಗೊತ್ತಾಗುತ್ತಿತ್ತು. ನಮ್ಮ ವಾರ್ಡಿನಲ್ಲಿ ಎಷ್ಟು ಸ್ಥಾನವೋ ಅಷ್ಟು ಓಟು ಪ್ರತಿಯೊಬ್ಬರಿಗೂ ಇರುತ್ತದೆ. ಒಂದನ್ನು ಬೇಕಾದವರಿಗೆ ಹಾಕಿ ಇನ್ನೊಂದನ್ನು ನನಗೆ ಹಾಕಬಹುದಿತ್ತು. ಹೆಂಗಸರು ಹಾಕಲಿಲ್ಲ. ಅವತ್ತು ಅವರ ಮೇಲೆ ಬಂದ ಸಿಟ್ಟು ಇಳಿಯಲು ಬಹಳ ದಿನ ಬೇಕಾಯಿತು. ಇವತ್ತು ನನಗನ್ನಿಸುವುದು, ಅವರು ಮಾಡಿದ್ದು ಸರಿ. ಹೆಣ್ಣು ಅನ್ನುವ ಒಂದೇ ಕಾರಣಕ್ಕೆ ನನಗೆ ಓಟು ಹಾಕಿ ಅಂತ ಕೇಳಲು ನಾನು ಆ ಹೆಣ್ಣುಮಕ್ಕಳಿಗೆ ಏನನ್ನೂ ಮಾಡಿರಲಿಲ್ಲ.

ಸೋತ ಮೇಲೆ ರಾಜಕೀಯವನ್ನು ಬೇರೆ ಕಣ್ಣಿನಿಂದ ನೋಡತೊಡಗಿದೆ. ಮುಂಚೆ ಪೇಪರಿನಲ್ಲಿ ಓದಿ ಪಕ್ಕಕ್ಕಿಡುತ್ತಿದ್ದ ಸುದ್ದಿಗಳೆಲ್ಲ ನನ್ನ ಮನೆಯ ಸುದ್ದಿಯಂತೆ ಕಾಣತೊಡಗಿದವು.

ಹೆಣ್ಣುಮಕ್ಕಳಿಗೆ ಸ್ಥಾನ ಮೀಸಲಿಡುವ ವಿಷಯದಲ್ಲಿ ಕರ್ನಾಟಕ ಹಿಂದೆ ಬಿದ್ದ ರಾಜ್ಯವಲ್ಲ. ದೇಶಕ್ಕೆಲ್ಲ ಸಂವಿಧಾನದ 73ನೇ ತಿದ್ದುಪಡಿ ಬರುವ ಮೊದಲೇ, ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಅಬ್ದುಲ್ ನಜೀರ್ ಸಾಬ್ ಮಂತ್ರಿಯಾಗಿದ್ದಾಗ 1983ರ ಪಂಚಾಯಿತಿ ಕಾಯ್ದೆಯಲ್ಲಿ ಹೆಣ್ಣುಮಕ್ಕಳಿಗೆ ಕಾಲು ಭಾಗ ಸ್ಥಾನ ಇಟ್ಟರು. 1987ರಲ್ಲಿ ಆ ಕಾಯ್ದೆಯಂತೆ ಚುನಾವಣೆ ನಡೆದಾಗ ನಾನು ಹೈಸ್ಕೂಲು ಹುಡುಗಿ. 1993ರ ಕಾಯ್ದೆಯಲ್ಲಿ ಅದು ಮೂರನೇ ಒಂದಾಯಿತು, 2010ರಲ್ಲಿ ಅರ್ಧವಾಯಿತು. ಇನ್ನು ವಿಧಾನಸಭೆ, ಲೋಕಸಭೆಯಲ್ಲೂ ಹೆಣ್ಣಿಗೆ ಪಾಲು ಬೇಕೆಂಬ ಮಸೂದೆ ಮೊದಲು ಸಂಸತ್ತಿಗೆ ಬಂದದ್ದು 1996ರ ಸೆಪ್ಟೆಂಬರಿನಲ್ಲಿ, ಎಚ್.ಡಿ. ದೇವೇಗೌಡರು ಪ್ರಧಾನಿಯಾಗಿದ್ದಾಗ. ಅದಕ್ಕೆ ಎರಡು ವರ್ಷ ಮೊದಲು, 1994ರಲ್ಲಿ, ಅವರನ್ನು ವಿಧಾನಸಭೆಗೆ ಕಳಿಸಿ ಮುಖ್ಯಮಂತ್ರಿ ಮಾಡಿದ್ದು ರಾಮನಗರ ಕ್ಷೇತ್ರ. ನಮ್ಮ ಮಣ್ಣಿನಲ್ಲಿ ಗೆದ್ದವರ ಸರ್ಕಾರ ಮಂಡಿಸಿದ ಮಸೂದೆ ಅದು. ಕಾಯ್ದೆಯಾಗಲು 2023ರ ತನಕ ಕಾಯಬೇಕಾಯಿತು. ಆ 106ನೇ ತಿದ್ದುಪಡಿಯಲ್ಲೂ ಜನಗಣತಿ ಆಗಿ, ಕ್ಷೇತ್ರ ಮರುವಿಂಗಡಣೆ ಆದ ಮೇಲೆ ಜಾರಿ ಅಂತ ಬರೆದರು.

ಮೀಸಲಾತಿಯಿಲ್ಲದೆ ಗೆದ್ದವರು ನಮ್ಮಲ್ಲೂ ಇದ್ದಾರೆ. 2004ರಲ್ಲಿ ಕನಕಪುರ ಲೋಕಸಭಾ ಕ್ಷೇತ್ರದಲ್ಲಿ ದೇವೇಗೌಡರೇ ನಿಂತಿದ್ದಾಗ, ಟಿವಿ ಪತ್ರಕರ್ತೆಯಾಗಿದ್ದ ತೇಜಸ್ವಿನಿ ಕಾಂಗ್ರೆಸ್ಸಿನಿಂದ ಗೆದ್ದರು. ಮಾಗಡಿಯ ಹೆಂಗಸರು ಆ ಫಲಿತಾಂಶ ಕೇಳಿ ನಂಬಲಾಗದೆ ಒಬ್ಬರನ್ನೊಬ್ಬರು ಕೇಳಿಕೊಂಡದ್ದು ನನಗೆ ನೆನಪಿದೆ. ಮರುವಿಂಗಡಣೆಯಲ್ಲಿ ಆ ಕ್ಷೇತ್ರವೇ ಇಲ್ಲವಾಗಿ ಬೆಂಗಳೂರು ಗ್ರಾಮಾಂತರವಾಯಿತು. 2009ರಲ್ಲಿ ತೇಜಸ್ವಿನಿ ಅಲ್ಲಿ ಸೋತರು, ಮತ್ತೆ ಲೋಕಸಭೆಗೆ ಹೋಗಲಾಗಲಿಲ್ಲ. ಅನಿತಾ ಕುಮಾರಸ್ವಾಮಿಯವರು 2013ರಲ್ಲಿ ಚನ್ನಪಟ್ಟಣದಲ್ಲಿ ಸೋತರು, ಅದೇ ವರ್ಷ ಲೋಕಸಭೆ ಉಪಚುನಾವಣೆಯಲ್ಲೂ ಸೋತರು. 2018ರಲ್ಲಿ ಪತಿ ಎರಡು ಕಡೆ ಗೆದ್ದು ರಾಮನಗರ ಬಿಟ್ಟುಕೊಟ್ಟಾಗ ಉಪಚುನಾವಣೆಯಲ್ಲಿ ಲಕ್ಷ ದಾಟಿದ ಅಂತರದಲ್ಲಿ ಗೆದ್ದರು. 2023ರಲ್ಲಿ ಆ ಕ್ಷೇತ್ರಕ್ಕೆ ಮಗ ನಿಖಿಲ್ ನಿಂತರು, ಗೆದ್ದವರು ಇಕ್ಬಾಲ್ ಹುಸೇನ್. ಅನಿತಾ ಅವರು ಶಾಸಕಿಯಾಗಿ ಹೇಗೆ ಕೆಲಸ ಮಾಡಿದರು ಎನ್ನುವ ತೀರ್ಪು ನಾನು ಕೊಡುತ್ತಿಲ್ಲ. ಸೀಟು ಮನೆಯ ಒಳಗಿಂದ ಬಂದು ಮನೆಯ ಒಳಗೇ ಹೋಗುವ ದಾರಿ ನನಗೆ ಗೊತ್ತಿರುವ ದಾರಿ, ಅಷ್ಟೇ. ಇನ್ನು ಮಾಗಡಿ: ನಾನು ಓಟು ಹಾಕಲು ಶುರು ಮಾಡಿದ ಮೇಲೆ ಈ ಕ್ಷೇತ್ರ ಒಬ್ಬ ಹೆಣ್ಣುಮಗಳನ್ನೂ ವಿಧಾನಸಭೆಗೆ ಕಳಿಸಿಲ್ಲ.

2023ರಲ್ಲಿ ರಾಜ್ಯ ವಿಧಾನಸಭೆಯ 224 ಕ್ಷೇತ್ರಗಳಿಂದ ಗೆದ್ದ ಮಹಿಳೆಯರು 10. ಮರುವರ್ಷ ಸಂಡೂರಿನ ಉಪಚುನಾವಣೆಯಲ್ಲಿ ಇನ್ನೊಬ್ಬರು ಸೇರಿದರು. 2024ರ ಲೋಕಸಭೆಗೆ ರಾಜ್ಯದ 28ರಲ್ಲಿ 3. ಪಂಚಾಯಿತಿಯಲ್ಲಿ ಅರ್ಧಕ್ಕರ್ಧ ಹೆಂಗಸರನ್ನು ಕೂರಿಸಿದ ರಾಜ್ಯಕ್ಕೆ ಇವತ್ತಿನವರೆಗೆ ಒಬ್ಬ ಮಹಿಳಾ ಮುಖ್ಯಮಂತ್ರಿ ಬಂದಿಲ್ಲ. ಕೆಳಗೆ ಅಷ್ಟು ಜನ ಇದ್ದು ಮೇಲೆ ಏಕಿಲ್ಲ ಅಂತ ಕೇಳುವವರಿಗೆ ಪಕ್ಷಗಳು ಟಿಕೆಟ್ ಕೊಡುವುದಿಲ್ಲ ಎನ್ನುವುದು ಸಿದ್ಧ ಉತ್ತರ. ಅದು ಸುಳ್ಳಲ್ಲ. ಇನ್ನೊಂದು ಕಾರಣವನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಗ್ರಾಮ ಪಂಚಾಯಿತಿಯಲ್ಲಿ ಕಲಿತವಳು ತಾಲ್ಲೂಕು, ಜಿಲ್ಲಾ ಪಂಚಾಯಿತಿಗೆ ಹೋಗಬೇಕು, ಅಲ್ಲಿಂದ ಮೇಲಕ್ಕೆ. ಆ ನಡುವಿನ ಸ್ಥಾನಗಳಿಗೆ ಚುನಾವಣೆ ನಡೆದದ್ದು 2016ರಲ್ಲಿ. ಆ ಸದಸ್ಯರ ಅವಧಿ 2021ಕ್ಕೆ ಮುಗಿಯಿತು, ಮೀಸಲಾತಿ, ಕ್ಷೇತ್ರ ವಿಂಗಡಣೆ, ಕೋರ್ಟು ಅಂತ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಅರ್ಧ ಸ್ಥಾನ ಹೆಣ್ಣುಮಕ್ಕಳದ್ದಾಗಿದ್ದ ಆ ಸಭೆಗಳು ಖಾಲಿ ಬಿದ್ದವು. ಇದಕ್ಕೆ ಯಾವ ಪಕ್ಷವೂ ಬೀದಿಗಿಳಿಯಲಿಲ್ಲ. ನನಗೆ ಇದು ದೊಡ್ಡ ಅನ್ಯಾಯವಾಗಿ ಕಾಣುತ್ತದೆ.

ಗುಂಡ್ಲುಪೇಟೆಯ ಕೆ.ಎಸ್. ನಾಗರತ್ನಮ್ಮನವರ ಬಗ್ಗೆ ಓದಿದ್ದು ಸೋತ ಮೇಲೆಯೇ. ಏಳು ಸಲ ಶಾಸಕಿ, 1972ರಲ್ಲಿ ರಾಜ್ಯದ ಮೊದಲ ಮಹಿಳಾ ಸಭಾಧ್ಯಕ್ಷೆ. ಯಾವ ಮಹಿಳಾ ಮೀಸಲಾತಿಯೂ ಇಲ್ಲದೆ ಒಂದೇ ಕ್ಷೇತ್ರದ ಜನ ಮತ್ತೆ ಮತ್ತೆ ಆರಿಸಿದರು. ನಮ್ಮ ಕಾಲದವರಲ್ಲಿ ಲಕ್ಷ್ಮೀ ಹೆಬ್ಬಾಳಕರ್ 2013ರಲ್ಲಿ ವಿಧಾನಸಭೆಗೆ ಸೋತು, 2014ರಲ್ಲಿ ಲೋಕಸಭೆಗೆ ಸೋತು, 2018ರಲ್ಲೂ 2023ರಲ್ಲೂ ಬೆಳಗಾವಿ ಗ್ರಾಮಾಂತರದಲ್ಲಿ ಗೆದ್ದರು. ಅವರ ರಾಜಕೀಯ ನಿಮಗೆ ಒಪ್ಪಿಗೆಯೋ ಅಲ್ಲವೋ ಬೇರೆ ವಿಷಯ. ನನಗೆ ಬೇಕಾಗಿದ್ದು ಸೋತ ಮೇಲೂ ಮತ್ತೆ ನಿಲ್ಲುವ ಆ ಗಟ್ಟಿತನ. ಮೀಸಲು ಸ್ಥಾನದಲ್ಲಿ ಗೆದ್ದದ್ದು ಕಾನೂನು ಕೊಟ್ಟ ಗೆಲುವು. ಪಟ್ಟಿ ಬದಲಾಗಿ ಸೀಟು ಜನರಲ್ ಆದಾಗ ಜನ ಮತ್ತೆ ಹುಡುಕಿಕೊಂಡು ಬರುತ್ತಾರೆಯೇ ಎನ್ನುವುದೇ ಪರೀಕ್ಷೆ. ವಿಧಾನಸಭೆ, ಲೋಕಸಭೆಗೆ ಬರುವ ಮೀಸಲು ಕ್ಷೇತ್ರಗಳೂ ಪ್ರತಿ ಮರುವಿಂಗಡಣೆಗೆ ಬದಲಾಗುತ್ತವೆ, ಇಡೀ ಏರ್ಪಾಟಿಗೇ 15 ವರ್ಷದ ಮಿತಿ ಇದೆ. ಅಲ್ಲಿಗೆ ಹೋಗುವ ಹೆಣ್ಣುಮಕ್ಕಳೂ ಒಂದು ದಿನ ನಾನು ನಿಂತ ಜಾಗದಲ್ಲೇ ನಿಲ್ಲಬೇಕಾಗುತ್ತದೆ.

ಹೆಂಡತಿಯ ಹೆಸರಿನಲ್ಲಿ ಅಧಿಕಾರ ನಡೆಸುವ ಗಂಡಸರಿಗೆ ಕಠಿಣ ದಂಡ ಹಾಕಬೇಕು ಅಂತ ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಸಮಿತಿಯೊಂದು 2025ರಲ್ಲಿ ಶಿಫಾರಸು ಮಾಡಿದೆ. ಮಾಡಲಿ. ಆದರೆ ದೂರು ಕೊಡುವವರು ಯಾರು? ಒಂದೇ ಸೂರಿನಡಿ ಇದ್ದುಕೊಂಡು ಗಂಡನ ಮೇಲೆ ದೂರು ಬರೆಯುವ ಅಧ್ಯಕ್ಷೆಯನ್ನು ನಾನು ನೋಡಿಲ್ಲ, ನಾನೂ ಬರೆಯುತ್ತಿರಲಿಲ್ಲ. ನನಗೆ ಅವತ್ತು ಬೇಕಿದ್ದದ್ದು ದಂಡವಲ್ಲ. ಗೆದ್ದ ಮೊದಲ ವಾರದಲ್ಲೇ ಒಬ್ಬರು ಪಕ್ಕದಲ್ಲಿ ಕೂತು, ಇದು ಕ್ರಿಯಾಯೋಜನೆ, ಇದು ಅಂದಾಜು ಪಟ್ಟಿ, ಇಲ್ಲಿ ಈ ಅಂಕಿ ನೋಡಿ, ಒಪ್ಪಿಗೆಯಾಗದಿದ್ದರೆ ಹೀಗೆ ಬರೆಸಿ ಅಂತ ಹೇಳಿಕೊಡಬೇಕಿತ್ತು. ಇಲಾಖೆಯ ತರಬೇತಿಗೆ ಹೋಗಿದ್ದೆ. ಅಲ್ಲಿ ಕಾಯ್ದೆಯ ಕಲಮುಗಳನ್ನು ಹೇಳಿದರು, ಬಿಲ್ಲು ಹೇಗೆ ಓದಬೇಕೆಂದು ಹೇಳಲಿಲ್ಲ.

ಈಗ ನಾನು ಯಾವ ಸ್ಥಾನದಲ್ಲೂ ಇಲ್ಲ. ಗ್ರಾಮಸಭೆಗೆ ಮತದಾರಳಾಗಿ ಹೋಗುತ್ತೇನೆ, ಎದ್ದು ನಿಂತು ಕೇಳುತ್ತೇನೆ. ಮೊದಮೊದಲು "ನಿಮ್ಮ ಕಾಲದಲ್ಲಿ ಏನ್ ಮಾಡಿದ್ರಿ?" ಅಂತ ಬಾಯಿ ಮುಚ್ಚಿಸುತ್ತಿದ್ದರು. "ಏನೂ ಮಾಡ್ಲಿಲ್ಲ, ಅದಕ್ಕೇ ಸೋತೆ, ಈಗ ನೀವು ಹೇಳಿ" ಅನ್ನುವುದನ್ನು ಕಲಿತ ಮೇಲೆ ಅವರಿಗೆ ಮುಂದಿನ ಮಾತಿರಲಿಲ್ಲ. ಸಂಘದ ಕೆಲವು ಹೆಂಗಸರು ನನ್ನ ಜೊತೆ ಕೂತು ನಡಾವಳಿ ಓದುತ್ತಾರೆ. ಅದರಲ್ಲಿ ಕಾಲೋನಿಯ ಆ ಹೆಣ್ಣುಮಗಳೂ ಇದ್ದಾಳೆ. ಅವಳ ಪ್ರಶ್ನೆಗಳು ನನ್ನವಕ್ಕಿಂತ ಚುರುಕು. ಅವಳಿಗೆ ಈಗಲೂ ನಿವೇಶನ ಸಿಕ್ಕಿಲ್ಲ.

ಮುಂದಿನ ಪಂಚಾಯಿತಿ ಚುನಾವಣೆಗೆ ನಿಮ್ಮ ವಾರ್ಡಿನ ಪಟ್ಟಿ ಬಂದಾಗ ಮಹಿಳೆ ಅಂತ ಬರೆದ ಸಾಲನ್ನು ಮಾತ್ರ ನೋಡಬೇಡಿ. ಸಾಮಾನ್ಯ ಅಂತ ಬರೆದ ಸಾಲಿಗೂ ನಿಮ್ಮೂರಿನ ಒಬ್ಬ ಗಟ್ಟಿ ಹೆಣ್ಣುಮಗಳ ನಾಮಪತ್ರ ಹಾಕಿಸಿ. ಅವಳು ಗೆದ್ದ ಮೇಲೆ ನಿಮ್ಮ ಅರ್ಜಿ ತೆಗೆದುಕೊಂಡು ಅವಳ ಹತ್ತಿರವೇ ಹೋಗಿ, ಗಂಡನ ಬೈಕು ನಿಲ್ಲಿಸಬೇಡಿ. ಈಗ ಅಧಿಕಾರದಲ್ಲಿರುವ ಅಕ್ಕತಂಗಿಯರೇ, ನಿಮ್ಮ ಹೆಸರಿನ ಡೋಂಗಲ್ ಯಾರ ಹತ್ತಿರ ಇದೆಯೋ ಇವತ್ತೇ ಕೇಳಿ ಇಸಿದುಕೊಳ್ಳಿ.